ಮನೆಯ ಡಿವಿಆರ್ ಹೊರಗಿನಿಂದ ಕಾಣಬೇಕಾ? ರೂಟರ್‌ನಲ್ಲಿ ಏನು ಮಾಡಬೇಕು, ಏನು ಮಾಡಲೇಬಾರದು

ಕ್ಯಾಮೆರಾ ಹಾಕಿಸಿದ್ದಾಯ್ತು. ಕ್ಯಾಮೆರಾ ಚಿತ್ರಗಳನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್, ಟಿವಿ ಪಕ್ಕದಲ್ಲಿ ಕೂತಿದೆ. ಮನೆಯ ವೈಫೈನಲ್ಲಿ ಇರುವಾಗ ಮೊಬೈಲ್‌ನಲ್ಲಿ ಎಲ್ಲಾ ಕ್ಯಾಮೆರಾ ಚೆನ್ನಾಗಿ ಕಾಣುತ್ತದೆ. ಗೇಟು ದಾಟಿ ವೈಫೈ ಕಟ್ಟಾದ ಕೂಡಲೇ ಪರದೆ ಕಪ್ಪು, ಕನೆಕ್ಷನ್ ಫೇಲ್. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ನೆಟ್‌ನಲ್ಲಿ ಹುಡುಕಿ, ಯಾವುದೋ ವಿಡಿಯೋ ನೋಡಿ, ರೂಟರ್ ಒಳಗೆ ಹೋಗಿ ಸಿಕ್ಕ ಪೋರ್ಟುಗಳನ್ನೆಲ್ಲ, ಅಂದರೆ ನಂಬರ್ ಹಾಕಿದ ಬಾಗಿಲುಗಳನ್ನೆಲ್ಲ, ತೆರೆಯುವುದು. ಕೆಲವೊಮ್ಮೆ ಕೆಲಸ ಆಗುತ್ತದೆ, ಕೆಲವೊಮ್ಮೆ ಆಗಲ್ಲ. ಆದರೆ ಆ ಬಾಗಿಲು ಮಾತ್ರ ತೆರೆದೇ ಇರುತ್ತದೆ.

ಹಾಗಾಗಿ ಸ್ವಲ್ಪ ನಿಧಾನವಾಗಿ, ಸರಿಯಾದ ಕ್ರಮದಲ್ಲಿ ಮಾಡೋಣ. ನಾನು ಇಲ್ಲಿ ಡಿವಿಆರ್ ಅಂದಾಗಲೆಲ್ಲ ಐಪಿ ಕ್ಯಾಮೆರಾಗಳ ರೆಕಾರ್ಡರ್ ಆದ ಎನ್‌ವಿಆರ್ ಕೂಡ ಸೇರಿದೆ ಅಂದುಕೊಳ್ಳಿ. ರೂಟರ್ ಮಟ್ಟಿಗೆ ಎರಡೂ ಒಂದೇ.

ಹೊರಗಿನಿಂದ ಯಾಕೆ ಕಾಣಲ್ಲ?

ನಿಮ್ಮ ಡಿವಿಆರ್‌ಗೆ ರೂಟರ್ ಕೊಟ್ಟಿರುವ ಐಪಿ ವಿಳಾಸ 192.168 ಅಂತಲೋ 10 ಅಂತಲೋ ಶುರುವಾಗುತ್ತದೆ. ಇವು ಮನೆಯೊಳಗಿನ ವಿಳಾಸಗಳು. 172.16 ರಿಂದ 172.31ರ ವರೆಗಿನವೂ ಅದೇ ಜಾತಿ. ಹೊರಗಿನ ಇಂಟರ್‌ನೆಟ್‌ಗೆ ಇವುಗಳ ಅರ್ಥವೇ ಇಲ್ಲ, ಯಾಕಂದ್ರೆ ಲೋಕದ ಲಕ್ಷಾಂತರ ಮನೆಗಳಲ್ಲಿ ಇದೇ ನಂಬರುಗಳು ಇವೆ. ಹೊರಗೆ ಕಾಣುವುದು ರೂಟರ್‌ನ ಒಂದೇ ಒಂದು ವಿಳಾಸ. ಒಳಗಿನಿಂದ ಹೊರಟ ಸಂಪರ್ಕಕ್ಕೆ ಬರುವ ಉತ್ತರವನ್ನು ರೂಟರ್ ಒಳಗೆ ಬಿಡುತ್ತದೆ. ಹೊರಗಿನಿಂದ ತಾನಾಗಿ ಬಂದದ್ದನ್ನು ಎಸೆದುಬಿಡುತ್ತದೆ. ಅದು ದೋಷ ಅಲ್ಲ, ನಿಮ್ಮನ್ನು ಕಾಯುತ್ತಿರುವುದೇ ಅದು.

ಇದನ್ನು ದಾಟಲು ಮೂರು ದಾರಿ ಇದೆ. ಒಂದು, ಡಿವಿಆರ್ ಕಂಪನಿಯ ಪಿ2ಪಿ ಸೇವೆ, ಅಂದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಆ್ಯಪ್‌ನಲ್ಲಿ ನೋಡುವುದು. ಎರಡು, ರೂಟರ್‌ನಲ್ಲಿ ವಿಪಿಎನ್ (ಇಂಟರ್‌ನೆಟ್ ಮೂಲಕ ಮನೆಗೆ ಬರುವ ಬೀಗ ಹಾಕಿದ ದಾರಿ) ಹಾಕಿ, ಮೊದಲು ಮನೆಯ ನೆಟ್‌ವರ್ಕ್ ಒಳಗೆ ಬಂದು ಆಮೇಲೆ ಡಿವಿಆರ್ ನೋಡುವುದು. ಮೂರು, ಪೋರ್ಟ್ ಫಾರ್ವರ್ಡಿಂಗ್, ಅಂದರೆ ರೂಟರ್‌ನ ಒಂದು ಪೋರ್ಟಿಗೆ ಹೊರಗಿನಿಂದ ಬಂದದ್ದನ್ನು ನೇರವಾಗಿ ಡಿವಿಆರ್‌ಗೆ ಕಳಿಸುವುದು. ಹೆಚ್ಚಿನವರು ಮೂರನೆಯದರಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಕೊನೆಯದಾಗಿರಬೇಕು, ಬೇಡವೇ ಬೇಡ ಅನ್ನುವಷ್ಟು ಕೊನೆಯದು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹರಡಿದ್ದು ಮುಖ್ಯವಾಗಿ ಇಂಥ ಡಿವಿಆರ್, ಐಪಿ ಕ್ಯಾಮೆರಾ ಮತ್ತು ರೂಟರ್‌ಗಳಿಂದಲೇ. ಅದರ ಬಳಿ ಇದ್ದ ಅಸ್ತ್ರ ದೊಡ್ಡದೇನಲ್ಲ, ಕಂಪನಿಗಳು ಪೆಟ್ಟಿಗೆಯಲ್ಲೇ ಹಾಕಿ ಕಳಿಸುವ ಯೂಸರ್‌ನೇಮ್ ಪಾಸ್‌ವರ್ಡ್‌ಗಳ ಒಂದು ಪುಟ್ಟ ಪಟ್ಟಿ ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಡೈನ್ ಅನ್ನುವ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕಂಪನಿಯ ಮೇಲೆ ಈ ಯಂತ್ರಗಳಿಂದ ದಾಳಿ ನಡೆದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ಸೈಟುಗಳೇ ಹಲವರಿಗೆ ತೆರೆಯದಂತಾಯಿತು. 2021ರಲ್ಲಿ ಕ್ಯಾಮೆರಾ, ಡಿವಿಆರ್ ಮಾಡುವ ಹಿಕ್‌ವಿಷನ್ ಮತ್ತು ದಾಹುವಾ ಎರಡರ ಉಪಕರಣಗಳಲ್ಲೂ ಪಾಸ್‌ವರ್ಡ್ ಗೊತ್ತಿಲ್ಲದೆಯೇ ಒಳಗೆ ನುಗ್ಗಬಹುದಾದ ತೂತುಗಳು ಸಿಕ್ಕವು. ಅಂದರೆ ಪಾಸ್‌ವರ್ಡ್ ಎಷ್ಟು ಗಟ್ಟಿ ಇದ್ದರೂ, ಹಳೇ ಫರ್ಮ್‌ವೇರ್ (ಉಪಕರಣದೊಳಗಿನ ಸಾಫ್ಟ್‌ವೇರ್) ಇರುವ ಡಿವಿಆರ್‌ನ ಲಾಗಿನ್ ಪುಟ ನೇರವಾಗಿ ಇಂಟರ್‌ನೆಟ್‌ಗೆ ಕಂಡರೆ ಕಥೆ ಮುಗೀತು.

ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ್ದು

ಡಿವಿಆರ್‌ಗೆ ಒಂದು ಸ್ಥಿರ ವಿಳಾಸ ಕೊಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಅದಕ್ಕೆ ಬೇರೆ ಐಪಿ ಸಿಗಬಹುದು, ನೀವು ಮಾಡಿದ ಸೆಟ್ಟಿಂಗ್ ಎಲ್ಲಾ ಖಾಲಿ ಗೋಡೆಗೆ ಕೈ ತೋರಿಸುತ್ತಾ ನಿಂತಿರುತ್ತದೆ. ಇದನ್ನು ಡಿವಿಆರ್ ಒಳಗೂ ಮಾಡಬಹುದು, ರೂಟರ್‌ನಲ್ಲೂ ಮಾಡಬಹುದು. ರೂಟರ್‌ನಲ್ಲೇ ಮಾಡಿ. ಡಿಎಚ್‌ಸಿಪಿ ರಿಸರ್ವೇಶನ್ ಅಂತಲೋ ಅಡ್ರೆಸ್ ರಿಸರ್ವೇಶನ್ ಅಂತಲೋ ಒಂದು ಪುಟ ಇರುತ್ತದೆ. ಅಲ್ಲಿ ಡಿವಿಆರ್‌ನ ಮ್ಯಾಕ್ ಅಡ್ರೆಸ್ (ಆ ಉಪಕರಣದ ಗುರುತಿನ ನಂಬರ್) ಆರಿಸಿ, ಯಾವ ಐಪಿ ಬೇಕೋ ಅದನ್ನು ಕಟ್ಟಿಹಾಕಿ. ಮ್ಯಾಕ್ ಅಡ್ರೆಸ್ ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ ಸಿಗುತ್ತದೆ. ಡಿವಿಆರ್‌ನಲ್ಲಿ ಡಿಎಚ್‌ಸಿಪಿ, ಅಂದರೆ ರೂಟರ್‌ನಿಂದ ತಾನಾಗಿ ಐಪಿ ಪಡೆಯುವ ಆಯ್ಕೆ, ಆನ್ ಆಗಿರಲಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಬೇಕಾದ ಐಪಿ ಬಂತಾ ನೋಡಿ.

ಡಿವಿಆರ್ ಒಳಗೇ ಕೈಯಾರೆ ಐಪಿ ಹಾಕುವುದಾದರೆ ಗೇಟ್‌ವೇ ಅನ್ನುವ ಸಾಲನ್ನು ಮರೆಯಬೇಡಿ. ಅಲ್ಲಿ ರೂಟರ್‌ನ ವಿಳಾಸ ಇರಬೇಕು. ಇದೊಂದು ತಪ್ಪಿದರೆ ಆಗುವ ಕಾಟ ವಿಚಿತ್ರವಾದದ್ದು: ಮನೆಯೊಳಗೆ ಎಲ್ಲಾ ಸರಿಯಾಗಿ ಕಾಣುತ್ತದೆ, ಹೊರಗಿನಿಂದ ಮಾತ್ರ ಏನೂ ಬರಲ್ಲ. ಕೋರಿಕೆ ಡಿವಿಆರ್‌ವರೆಗೂ ತಲುಪಿರುತ್ತದೆ, ಆದರೆ ಉತ್ತರವನ್ನು ಯಾರ ಕೈಗೆ ಕೊಡಬೇಕು ಅಂತ ಅದಕ್ಕೆ ಗೊತ್ತಿರಲ್ಲ. ಜನ ಇದಕ್ಕೆ ರೂಟರ್ ಅನ್ನೇ ಬದಲಾಯಿಸಿಬಿಡುತ್ತಾರೆ.

ಮನೆಯ ನೆಟ್‌ವರ್ಕ್‌ನ ನಂಬರನ್ನೂ ಈಗಲೇ ಬದಲಿಸಿಬಿಡಿ. ರೂಟರ್‌ಗಳು ಸಾಮಾನ್ಯವಾಗಿ 192.168.0 ಅಥವಾ 192.168.1ರಲ್ಲಿ ಬರುತ್ತವೆ. ನಾಳೆ ನೀವು ಆಫೀಸಿನಲ್ಲೋ ಹೋಟೆಲಿನಲ್ಲೋ ಕೂತು ವಿಪಿಎನ್ ಹಾಕಿದಾಗ ಅಲ್ಲಿನ ವೈಫೈ ಕೂಡ 192.168.1 ಆಗಿದ್ದರೆ, ಫೋನಿಗೆ ಈ 192.168.1.50 ಅಂದರೆ ಮನೆಯದಾ ಇಲ್ಲಿನದಾ ಅಂತ ಗೊಂದಲ. ಲ್ಯಾನ್ ಸೆಟ್ಟಿಂಗ್‌ಗೆ ಹೋಗಿ 192.168.57.1 ಥರ ಯಾರೂ ಜಾಸ್ತಿ ಬಳಸದ ನಂಬರ್ ಕೊಡಿ. ಮುಂದಿನ ಉದಾಹರಣೆಗಳಲ್ಲಿ ರೂಟರ್ 192.168.57.1, ಡಿವಿಆರ್ 192.168.57.50 ಅಂತಲೇ ಇಟ್ಟುಕೊಳ್ಳೋಣ.

ಎನ್‌ವಿಆರ್‌ನ ಹಿಂದುಗಡೆಯ ಪಿಒಇ ಪೋರ್ಟುಗಳಿಗೇ (ಒಂದೇ ಕೇಬಲ್‌ನಲ್ಲಿ ಕರೆಂಟೂ ನೆಟ್‌ವರ್ಕೂ ಕೊಡುವ ಸಾಕೆಟ್‌ಗಳು) ಕ್ಯಾಮೆರಾ ಸಿಕ್ಕಿಸಿದ್ದರೆ ಒಂದು ಮಾತು. ಆ ಕ್ಯಾಮೆರಾಗಳಿಗೆ ಎನ್‌ವಿಆರ್ ತನ್ನೊಳಗೇ ಬೇರೆ ನೆಟ್‌ವರ್ಕ್ ಮಾಡಿಕೊಂಡಿರುತ್ತದೆ, ಅವು ರೂಟರ್‌ನ ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಒಂದೊಂದು ಕ್ಯಾಮೆರಾಕ್ಕೂ ಏನೂ ಮಾಡಬೇಕಿಲ್ಲ, ರೆಕಾರ್ಡರ್ ಒಂದನ್ನು ತಲುಪಿದರೆ ಸಾಕು.

ಪಾಸ್‌ವರ್ಡ್, ಫರ್ಮ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ಅಡ್ಮಿನ್ ಪಾಸ್‌ವರ್ಡ್ ಉದ್ದವಾಗಿರಲಿ, ಬೇರೆಲ್ಲೂ ಬಳಸಿರಬಾರದು. ಮೊಬೈಲ್‌ನಿಂದ ನೋಡಲಿಕ್ಕೆ ಅಂತ ಬೇರೆ ಯೂಸರ್ ಮಾಡಿ, ಅವನಿಗೆ ಲೈವ್ ಮತ್ತು ಪ್ಲೇಬ್ಯಾಕ್ ಅನುಮತಿ ಮಾತ್ರ ಕೊಡಿ. ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡುವ ಅಧಿಕಾರ ಫೋನಿಗೆ ಯಾಕೆ ಬೇಕು ಹೇಳಿ? ಕ್ಯಾಮೆರಾ ಹಾಕಲು ಬಂದವರು ಇಟ್ಟುಹೋದ ಪಾಸ್‌ವರ್ಡ್ ಹಾಗೇ ಇದ್ದರೆ ಇವತ್ತೇ ಬದಲಿಸಿ. ಫರ್ಮ್‌ವೇರ್ ಅನ್ನು ಕಂಪನಿಯ ಸೈಟಿನಿಂದ, ನಿಮ್ಮದೇ ಮಾಡೆಲ್ ನಂಬರ್‌ಗೆ ಹೊಂದುವುದನ್ನೇ ಇಳಿಸಿಕೊಳ್ಳಿ. ಬೇರೆ ಮಾಡೆಲ್‌ನದ್ದು ಹಾಕಿದರೆ ಡಿವಿಆರ್ ಮತ್ತೆ ಏಳದೇ ಹೋಗಬಹುದು. ಹಾಗೇ ಡಿವಿಆರ್‌ನ ಗಡಿಯಾರ, ಟೈಮ್ ಝೋನ್ ಸರಿ ಇದೆಯಾ ನೋಡಿ, ಇಂಟರ್‌ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಆನ್ ಮಾಡಿ. ಬೇಕಾದಾಗ ಪ್ಲೇಬ್ಯಾಕ್‌ನಲ್ಲಿ ಎರಡು ಗಂಟೆ ಹಿಂದುಮುಂದಾಗಿ ಕಂಡರೆ ರೆಕಾರ್ಡಿಂಗ್ ಇದ್ದೂ ಉಪಯೋಗ ಇಲ್ಲ.

ನಿಮಗೆ ಪಬ್ಲಿಕ್ ಐಪಿ ಇದೆಯಾ? ಇದನ್ನು ನೋಡದೆ ಮುಂದೆ ಹೋಗಬೇಡಿ

ಪೋರ್ಟ್ ಫಾರ್ವರ್ಡಿಂಗ್ ಆಗಲಿ, ರೂಟರ್‌ನಲ್ಲಿ ವಿಪಿಎನ್ ಆಗಲಿ, ಎರಡಕ್ಕೂ ಹೊರಗಿನಿಂದ ರೂಟರ್‌ವರೆಗೆ ಬರಲು ದಾರಿ ಬೇಕು. ಎಷ್ಟೋ ಕಡೆ ಆ ದಾರಿಯೇ ಇರಲ್ಲ. ಮೇಲೆ ನೋಡಿದಂಥ, ಚುಕ್ಕಿಗಳಿರುವ ಐಪಿವಿ4 ವಿಳಾಸಗಳು ಒಟ್ಟು ಇರುವುದೇ ಸುಮಾರು 430 ಕೋಟಿ. ಅವು ಸಾಲದೆ, ಇಂಟರ್‌ನೆಟ್ ಕೊಡುವ ಸಂಸ್ಥೆಗಳು ಒಂದು ಪಬ್ಲಿಕ್ ಐಪಿಯನ್ನು, ಅಂದರೆ ಹೊರಗಿನ ಇಂಟರ್‌ನೆಟ್‌ಗೆ ಕಾಣುವ ವಿಳಾಸವನ್ನು, ಹಲವು ಮನೆಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಇದರೊಳಗೆ ಸಿಕ್ಕಿಹಾಕಿಕೊಂಡವರು ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ, ಯಾಕಂದ್ರೆ ಹೊರಗಿನ ಬಾಗಿಲು ಇರುವುದು ನಿಮ್ಮ ಕೈಯಲ್ಲಿ ಅಲ್ಲ.

ಪರೀಕ್ಷೆ ಸುಲಭ. ರೂಟರ್‌ಗೆ ಲಾಗಿನ್ ಆಗಿ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಥವಾ ಇಂಟರ್‌ನೆಟ್ ಐಪಿ ಅಂತ ಇರುವುದನ್ನು ಬರೆದುಕೊಳ್ಳಿ. ಆಮೇಲೆ ಅದೇ ವೈಫೈನಲ್ಲಿ ಬ್ರೌಸರ್ ತೆರೆದು ನನ್ನ ಐಪಿ ಯಾವುದು ಅಂತ ತೋರಿಸುವ ಯಾವುದಾದರೂ ಸೈಟ್ ನೋಡಿ. ಅದು ಐಪಿವಿ6 ವಿಳಾಸ ತೋರಿಸಿದರೆ ಅದನ್ನು ಬಿಟ್ಟು, ನಡುವೆ ಚುಕ್ಕಿಗಳಿರುವ ನಾಲ್ಕು ನಂಬರುಗಳ ಐಪಿವಿ4 ನೋಡಿ. ಎರಡೂ ಒಂದೇ ಇದ್ದರೆ ನಿಮಗೆ ಪಬ್ಲಿಕ್ ಐಪಿ ಇದೆ. ಬೇರೆ ಬೇರೆ ಇದ್ದರೆ ರೂಟರ್ ತೋರಿಸಿದ ನಂಬರನ್ನು ಸರಿಯಾಗಿ ಗಮನಿಸಿ.

ಅದು 100.64 ರಿಂದ 100.127ರ ಒಳಗೆ ಶುರುವಾದರೆ ಸಿಜಿನ್ಯಾಟ್, ಅನುಮಾನವೇ ಬೇಡ. ಆ ಸಾಲನ್ನು 2012ರಲ್ಲಿ ಇದಕ್ಕಂತಲೇ ಮೀಸಲಿಟ್ಟಿದ್ದಾರೆ. 192.168 ಅಂತ ಶುರುವಾದರೆ ಹೆಚ್ಚಾಗಿ ನಿಮ್ಮ ಮನೆಯಲ್ಲೇ ಎರಡು ರೂಟರ್ ಇದೆ: ಫೈಬರ್ ತಂದವರು ಕೊಟ್ಟ ಪೆಟ್ಟಿಗೆ ಒಂದು, ಅದರ ಹಿಂದೆ ನೀವು ತಂದುಕೊಂಡದ್ದು ಇನ್ನೊಂದು, ಎರಡೂ ರೂಟರ್ ಕೆಲಸ ಮಾಡುತ್ತಿವೆ. ಇದಕ್ಕೆ ಡಬಲ್ ನ್ಯಾಟ್ ಅನ್ನುತ್ತಾರೆ. 10 ಅಂತ ಶುರುವಾದರೆ ಎರಡರಲ್ಲಿ ಯಾವುದೂ ಆಗಿರಬಹುದು, ಮೊದಲ ಪೆಟ್ಟಿಗೆಯ ಒಳಗೂ ಲಾಗಿನ್ ಆಗಿ ಅದರ ವ್ಯಾನ್ ಐಪಿ ನೋಡಬೇಕು.

ಡಬಲ್ ನ್ಯಾಟ್‌ಗೆ ಮದ್ದು ಇದೆ. ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೇ ದಾಟಿಸುವುದು) ಹಾಕಿಸಿ, ನಿಮ್ಮ ರೂಟರ್‌ಗೇ ಇಂಟರ್‌ನೆಟ್ ಲಾಗಿನ್ ಕೊಡಿ. ಅಥವಾ ಉಲ್ಟಾ ಮಾಡಿ: ನಿಮ್ಮ ರೂಟರ್ ಅನ್ನು ಬರೀ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಇಳಿಸಿ, ಫೈಬರ್ ಪೆಟ್ಟಿಗೆಯೇ ಎಲ್ಲವನ್ನೂ ನೋಡಿಕೊಳ್ಳಲಿ. ವಿಪಿಎನ್ ಸೌಲಭ್ಯ ಇರುವುದು ಯಾವುದರಲ್ಲೋ ಅದು ಯಜಮಾನ ಆಗಲಿ. ಸಿಜಿನ್ಯಾಟ್ ಇದ್ದರೆ ಸಂಸ್ಥೆಗೆ ಫೋನ್ ಮಾಡಿ ಪಬ್ಲಿಕ್ ಐಪಿ ಅಥವಾ ಸ್ಟ್ಯಾಟಿಕ್ ಐಪಿ ಬೇಕು ಅಂತ ಕೇಳಬಹುದು, ಹಲವು ಸಂಸ್ಥೆಗಳು ಹೆಚ್ಚಿನ ದುಡ್ಡಿಗೆ ಕೊಡುತ್ತವೆ. ಕೊಡಲ್ಲ ಅಂದರೂ ದಾರಿ ಇದೆ, ಮುಂದೆ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ಹತ್ತಿರ ಬಂದಾಗ ಹೇಳುತ್ತೇನೆ.

ಸುಲಭದ ದಾರಿ: ಪಿ2ಪಿ

ರೂಟರ್ ಮುಟ್ಟುವ ಆಸೆಯೇ ಇಲ್ಲ ಅನ್ನುವವರಿಗೆ ಇದೇ ಸರಿ. ಹಿಕ್‌ವಿಷನ್‌ಗೆ ಹಿಕ್-ಕನೆಕ್ಟ್, ದಾಹುವಾಗೆ ಡಿಎಂಎಸ್ಎಸ್, ಹೀಗೆ ಒಬ್ಬೊಬ್ಬರದು ಒಂದೊಂದು ಆ್ಯಪ್. ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ ಪ್ಲಾಟ್‌ಫಾರ್ಮ್ ಆಕ್ಸೆಸ್ ಅಥವಾ ಪಿ2ಪಿ ಆನ್ ಮಾಡಿ, ಆನ್‌ಲೈನ್ ಅಂತ ಬರುವವರೆಗೆ ಕಾದು, ಪರದೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯ್ತು. ಆನ್‌ಲೈನ್ ಅಂತ ಬರದಿದ್ದರೆ ಹೆಚ್ಚಿನ ಸಲ ತಪ್ಪು ಗೇಟ್‌ವೇ ಅಥವಾ ಡಿಎನ್‌ಎಸ್‌ನದ್ದು. ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಹಾಕಿ ನೋಡಿ.

ಇಲ್ಲಿ ಡಿವಿಆರ್ ತಾನಾಗಿ ಹೊರಗಿನ ಸರ್ವರ್‌ಗೆ ಸಂಪರ್ಕ ಇಟ್ಟುಕೊಳ್ಳುತ್ತದೆ, ಹಾಗಾಗಿ ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ, ಪೋರ್ಟ್ ತೆರೆಯುವ ಗೊಡವೆಯೇ ಇಲ್ಲ. ಬದಲಿಗೆ ನೀವು ಕೊಡುವುದು ನಂಬಿಕೆ. ನಿಮ್ಮ ಮನೆಯ ಚಿತ್ರಕ್ಕೆ ದಾರಿ ಬೇರೆಯವರ ಸರ್ವರ್ ಮೂಲಕ. ಅದು ಒಪ್ಪಿಗೆಯಾದರೆ ಆ ಆ್ಯಪ್ ಖಾತೆಗೆ ಎರಡು ಹಂತದ ಲಾಗಿನ್ ಇದ್ದರೆ ಅದನ್ನು ಆನ್ ಮಾಡಿ, ವಿಡಿಯೋ ಎನ್‌ಕ್ರಿಪ್ಷನ್ ಆಯ್ಕೆ ಇದ್ದರೆ ಅದನ್ನೂ ಹಾಕಿ. ಡಿವಿಆರ್ ಮೇಲೆ ಅಂಟಿಸಿರುವ ಕ್ಯೂಆರ್ ಸ್ಟಿಕ್ಕರ್‌ನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಯಾರಿಗೋ ಕಳಿಸುವ ಅಭ್ಯಾಸ ಇದ್ದರೆ ಬಿಡಿ. ಅದರಲ್ಲಿ ಸೀರಿಯಲ್ ನಂಬರ್ ಇರುತ್ತದೆ, ಕೆಲವು ಮಾಡೆಲ್‌ಗಳಲ್ಲಿ ವೆರಿಫಿಕೇಶನ್ ಕೋಡೂ ಇರುತ್ತದೆ.

ನಾನು ಹೇಳುವ ದಾರಿ: ವಿಪಿಎನ್

ಇದರಲ್ಲಿ ಡಿವಿಆರ್ ಹೊರಗೆ ಕಾಣುವುದೇ ಇಲ್ಲ. ನಿಮ್ಮ ಫೋನ್ ಮೊದಲು ಕೀಲಿ ತೋರಿಸಿ ಮನೆಯ ನೆಟ್‌ವರ್ಕ್ ಒಳಗೆ ಬರುತ್ತದೆ, ಆಮೇಲೆ ಮನೆಯ ವೈಫೈನಲ್ಲಿ ಇದ್ದ ಹಾಗೇ 192.168.57.50ಕ್ಕೆ ಮಾತಾಡುತ್ತದೆ. ಡಿವಿಆರ್‌ನ ಫರ್ಮ್‌ವೇರ್ ಹಳೆಯದಾಗಿ ಕಂಪನಿ ಅದನ್ನು ಮರೆತಿದ್ದರೂ ಅಪಾಯ ಬಹಳ ಕಡಿಮೆ. ಈಗಿನ ಎಷ್ಟೋ ರೂಟರ್‌ಗಳಲ್ಲಿ ವಿಪಿಎನ್ ಸರ್ವರ್ ಅನ್ನುವ ಪುಟ ಇರುತ್ತದೆ. ಅಲ್ಲಿ ವಿಪಿಎನ್ ಬಗೆಗಳಲ್ಲಿ ವೈರ್‌ಗಾರ್ಡ್ ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ಓಪನ್‌ವಿಪಿಎನ್. ಪಿಪಿಟಿಪಿ ಮಾತ್ರ ಇದ್ದರೆ ಅದರ ತಂಟೆಗೆ ಹೋಗಬೇಡಿ, ಅದರ ಭದ್ರತೆ ಮುರಿದು ವರ್ಷಗಳೇ ಆದವು.

ವೈರ್‌ಗಾರ್ಡ್ ಹೀಗೆ ಮಾಡಿ. ರೂಟರ್‌ನಲ್ಲಿ ಸರ್ವರ್ ಆನ್ ಮಾಡಿ. ಪೋರ್ಟ್ 51820, ಯುಡಿಪಿ, ಅದೇ ಇರಲಿ. ಟನಲ್‌ಗೆ, ಅಂದರೆ ಆ ವಿಪಿಎನ್ ದಾರಿಗೆ, ಒಂದು ವಿಳಾಸ ಕೇಳುತ್ತದೆ, ಮನೆಯ ನೆಟ್‌ವರ್ಕ್‌ಗೆ ತಾಕದ 10.6.0.1/24 ಥರದ್ದು ಕೊಡಿ. ಆಮೇಲೆ ಪಿಯರ್ ಅಥವಾ ಕ್ಲೈಂಟ್ ಸೇರಿಸಿ ಅನ್ನುವ ಬಟನ್ ಒತ್ತಿ. ಫೋನಿಗೆ ಒಂದು, ಲ್ಯಾಪ್‌ಟಾಪ್‌ಗೆ ಒಂದು, ಮನೆಯ ಇನ್ನೊಬ್ಬರ ಫೋನಿಗೆ ಇನ್ನೊಂದು, ಹೀಗೆ ಪ್ರತಿ ಉಪಕರಣಕ್ಕೂ ಬೇರೆ ಬೇರೆ ಪಿಯರ್ ಮಾಡಿ. ಒಂದೇ ಫೈಲನ್ನು ಎರಡು ಫೋನಿಗೆ ಹಾಕಿದರೆ ಇಬ್ಬರೂ ಒಟ್ಟಿಗೆ ತೆರೆದಾಗ ಒಬ್ಬರನ್ನೊಬ್ಬರು ಹೊರಗೆ ದಬ್ಬುತ್ತಾರೆ. ಫೋನಿನ ಪಿಯರ್‌ಗೆ 10.6.0.2, ಮುಂದಿನದಕ್ಕೆ 10.6.0.3.

ಫೋನಿನಲ್ಲಿ ವೈರ್‌ಗಾರ್ಡ್ ಆ್ಯಪ್ ಹಾಕಿ, ರೂಟರ್ ತೋರಿಸುವ ಕ್ಯೂಆರ್ ಸ್ಕ್ಯಾನ್ ಮಾಡಿ. ಆಮೇಲೆ ಎಡಿಟ್ ತೆರೆದು ಎರಡು ಸಾಲು ಪರೀಕ್ಷಿಸಿ. ಎಂಡ್‌ಪಾಯಿಂಟ್ ಅನ್ನುವಲ್ಲಿ ನಿಮ್ಮ ಪಬ್ಲಿಕ್ ಐಪಿ ಅಥವಾ ಡಿಡಿಎನ್‌ಎಸ್ ಹೆಸರು (ಇದರ ಬಗ್ಗೆ ಮುಂದೆ ಹೇಳುತ್ತೇನೆ), ಅದರ ಮುಂದೆ ಕೋಲನ್ ಹಾಕಿ 51820 ಇರಬೇಕು. ಕೆಲವು ರೂಟರ್‌ಗಳು ಅಲ್ಲಿ ಸುಮ್ನೆ 192.168.57.1 ಅಂತ ಬರೆದುಬಿಡುತ್ತವೆ, ಅದು ಹೊರಗಿನಿಂದ ಕೆಲಸ ಮಾಡಲ್ಲ. ಇನ್ನೊಂದು ಸಾಲು ಅಲೌಡ್ ಐಪಿಸ್. ಅಲ್ಲಿ 0.0.0.0/0 ಇದ್ದರೆ ನಿಮ್ಮ ಫೋನಿನ ಎಲ್ಲಾ ಇಂಟರ್‌ನೆಟ್ ಮನೆಯ ಮೂಲಕವೇ ಸುತ್ತಿಕೊಂಡು ಹೋಗುತ್ತದೆ. ಡಿವಿಆರ್ ಮಾತ್ರ ಬೇಕಿದ್ದರೆ ಅದನ್ನು ತೆಗೆದು 192.168.57.0/24 ಅಂತ, ಅಂದರೆ ಮನೆಯ ನೆಟ್‌ವರ್ಕ್ ಮಾತ್ರ, ಹಾಕಿ. ಇನ್ನೂ ಬಿಗಿ ಮಾಡಬೇಕಾದರೆ 192.168.57.50/32, ಆಗ ಫೋನ್ ಆ ಟನಲ್‌ನಲ್ಲಿ ಡಿವಿಆರ್ ಒಂದಕ್ಕೇ ಮಾತಾಡುತ್ತದೆ. ಈ ಸಾಲು ಬದಲಿಸಿದಾಗ ಡಿಎನ್‌ಎಸ್ ಸಾಲನ್ನೂ ಖಾಲಿ ಬಿಡಿ. ಇಲ್ಲದಿದ್ದರೆ ಟನಲ್ ಆನ್ ಇದ್ದಾಗ ಬೇರೆ ಸೈಟುಗಳು ತೆರೆಯದೆ ಹೋಗಬಹುದು.

ಈಗ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಟನಲ್ ಆನ್ ಮಾಡಿ. ಆ್ಯಪ್‌ನಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಅಂತ ಕೆಲವು ಸೆಕೆಂಡ್ ಹಿಂದಿನ ಸಮಯ ಬಂದರೆ ಸಂಪರ್ಕ ಸಿಕ್ಕಿದೆ. ಕಳಿಸಿದ ಡೇಟಾ ಏರುತ್ತಿದೆ, ಬಂದದ್ದು ಸೊನ್ನೆ ಅಂದರೆ ನಿಮ್ಮ ಕೋರಿಕೆ ರೂಟರ್ ತಲುಪಿಲ್ಲ ಅಥವಾ ಕೀಲಿ ಹೊಂದಿಲ್ಲ. ವೈರ್‌ಗಾರ್ಡ್‌ನ ಸ್ವಭಾವ ಅದು: ಕೀಲಿ ಸರಿ ಇಲ್ಲದವರಿಗೆ ಇಲ್ಲ ಅಂತಲೂ ಹೇಳಲ್ಲ, ಮೌನವಾಗಿರುತ್ತದೆ. ಸ್ಕ್ಯಾನ್ ಮಾಡುತ್ತಾ ಬರುವವರಿಗೆ ಅಲ್ಲೊಂದು ಬಾಗಿಲು ಇದೆ ಅಂತಲೇ ಗೊತ್ತಾಗಲ್ಲ. ಇದೇ ಕಾರಣಕ್ಕೆ ಪೋರ್ಟ್ ಚೆಕ್ ಮಾಡುವ ಸೈಟುಗಳು 51820 ಮುಚ್ಚಿದೆ ಅಂದರೆ ನಂಬಬೇಡಿ, ಡೇಟಾ ಕಳಿಸುವ ಎರಡು ವಿಧಾನಗಳಲ್ಲಿ ಅವು ಹೆಚ್ಚಾಗಿ ನೋಡುವುದು ಟಿಸಿಪಿ, ಇದು ಯುಡಿಪಿ.

ಹ್ಯಾಂಡ್‌ಶೇಕ್ ಆದಮೇಲೆ ಡಿವಿಆರ್ ಆ್ಯಪ್ ತೆರೆದು, ಉಪಕರಣ ಸೇರಿಸುವಾಗ ಕ್ಯೂಆರ್ ಬದಲು ಐಪಿ ಅಥವಾ ಡೊಮೇನ್ ಅನ್ನುವ ಆಯ್ಕೆ ಹಿಡಿಯಿರಿ. ವಿಳಾಸ 192.168.57.50, ಪೋರ್ಟ್ ಹಿಕ್‌ವಿಷನ್‌ಗೆ 8000, ದಾಹುವಾಗೆ 37777. ಇವು ಕಾರ್ಖಾನೆಯಿಂದ ಬರುವ ನಂಬರುಗಳು, ನಿಮ್ಮದರಲ್ಲಿ ಬದಲಾಗಿದ್ದರೆ ಡಿವಿಆರ್‌ನ ಮೆನುವಿನಲ್ಲಿ ಕಾಣುತ್ತದೆ. ಮೊದಲೇ ಮಾಡಿಟ್ಟ ಆ ನೋಡುವವನ ಯೂಸರ್‌ನೇಮ್ ಹಾಕಿ, ಅಡ್ಮಿನ್ ಬೇಡ.

ಸಿಜಿನ್ಯಾಟ್‌ನಲ್ಲಿ ಇರುವವರಿಗೆ ಟೇಲ್‌ಸ್ಕೇಲ್ ಇದೆ. ಒಳಗೆ ಇದೂ ವೈರ್‌ಗಾರ್ಡೇ, ಆದರೆ ಎರಡೂ ಕಡೆಯಿಂದ ಹೊರಗೆ ಹೊರಟು ಮಧ್ಯದಲ್ಲಿ ಭೇಟಿಯಾಗುತ್ತದೆ, ಪಬ್ಲಿಕ್ ಐಪಿ ಬೇಕಿಲ್ಲ. ಡಿವಿಆರ್ ಒಳಗೆ ಇದನ್ನು ಹಾಕಲು ಆಗಲ್ಲ, ಹಾಗಾಗಿ ಮನೆಯಲ್ಲಿ ಸದಾ ಆನ್ ಇರುವ ಒಂದು ಪುಟ್ಟ ಯಂತ್ರ ಬೇಕು. ರಾಸ್ಪ್‌ಬೆರಿ ಪೈ, ಹಳೇ ಲ್ಯಾಪ್‌ಟಾಪ್, ಏನಾದರೂ ಸರಿ. ಅದರಲ್ಲಿ ಟೇಲ್‌ಸ್ಕೇಲ್ ಹಾಕಿ ಸಬ್‌ನೆಟ್ ರೂಟರ್ ಆಗಿ (ಮನೆಯ ನೆಟ್‌ವರ್ಕ್‌ಗೆ ದಾರಿ ಕೊಡುವ ಯಂತ್ರ) 192.168.57.0/24 ಅನ್ನು ಘೋಷಿಸಿ, ಲಿನಕ್ಸ್ ಆದರೆ ಐಪಿ ಫಾರ್ವರ್ಡಿಂಗ್ ಆನ್ ಮಾಡಿ. ಆಮೇಲೆ ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟಕ್ಕೆ ಹೋಗಿ ಆ ರೂಟ್‌ಗೆ ಒಪ್ಪಿಗೆ ಕೊಡಿ. ಈ ಕೊನೆಯ ಹೆಜ್ಜೆಯನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಎಲ್ಲಾ ಹಸಿರು ಕಾಣುತ್ತಿದೆ, ಡಿವಿಆರ್ ಮಾತ್ರ ಬರುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.

ಐಪಿ ಬದಲಾಗುತ್ತಾ ಇದ್ದರೆ ಡಿಡಿಎನ್‌ಎಸ್

ಪಬ್ಲಿಕ್ ಐಪಿ ಇದ್ದರೂ ಅದು ಸ್ಥಿರ ಅಲ್ಲದಿದ್ದರೆ ರೂಟರ್ ರೀಸ್ಟಾರ್ಟ್ ಆದಾಗ ಬದಲಾಗಬಹುದು. ಅದಕ್ಕೆ ಒಂದು ಹೆಸರು ಕಟ್ಟಿಕೊಳ್ಳಿ, ಐಪಿ ಬದಲಾದರೂ ಹೆಸರು ಬದಲಾಗಲ್ಲ; ಇದೇ ಡಿಡಿಎನ್‌ಎಸ್. ನೋ-ಐಪಿ, ಡಕ್‌ಡಿಎನ್‌ಎಸ್ ಇವೆ. ಕೆಲವು ರೂಟರ್ ಕಂಪನಿಗಳು ತಮ್ಮದೇ ಉಚಿತ ಹೆಸರು ಕೊಡುತ್ತವೆ. ರೂಟರ್‌ನ ಡಿಡಿಎನ್‌ಎಸ್ ಪುಟದಲ್ಲಿ ಖಾತೆ ವಿವರ ತುಂಬಿದರೆ ಐಪಿ ಬದಲಾದಾಗಲೆಲ್ಲ ಅದೇ ತಿಳಿಸುತ್ತದೆ. ನೋ-ಐಪಿಯ ಉಚಿತ ಹೆಸರನ್ನು ಆಗಾಗ ಒಪ್ಪಿಗೆ ಕೊಟ್ಟು ಉಳಿಸಿಕೊಳ್ಳಬೇಕು, ಆ ಇಮೇಲ್ ಬಂದಾಗ ನಿರ್ಲಕ್ಷಿಸಬೇಡಿ. ಹೆಸರಿಡುವಾಗ ನಿಮ್ಮ ಮನೆಯ ಹೆಸರೋ ಕುಟುಂಬದ ಹೆಸರೋ ಬೇಡ. ಇದು ಬೀದಿಗೆ ಕಾಣುವ ಬೋರ್ಡ್.

ಪೋರ್ಟ್ ಫಾರ್ವರ್ಡಿಂಗ್ ಮಾಡಲೇಬೇಕು ಅಂದರೆ

ವಿಪಿಎನ್ ಸಾಧ್ಯವೇ ಇಲ್ಲದ ಸಂದರ್ಭ ಇರಬಹುದು. ಉದಾಹರಣೆಗೆ ಹೊರಗಿನ ಒಂದು ಕಾವಲು ಸಂಸ್ಥೆ ನಿಮ್ಮ ಡಿವಿಆರ್ ನೋಡಬೇಕು, ಅವರಿಗೆ ನೇರ ದಾರಿಯೇ ಬೇಕು. ಆಗ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಪುಟ ತೆರೆಯಿರಿ. ಒಂದೇ ಒಂದು ಸಾಲು ಹಾಕಿ. ಹೆಸರು ಏನಾದರೂ ಇರಲಿ, ಹೊರಗಿನ ಪೋರ್ಟ್ 48213 ಥರ ಒಂದು ದೊಡ್ಡ ನಂಬರ್, ಒಳಗಿನ ಐಪಿ 192.168.57.50, ಒಳಗಿನ ಪೋರ್ಟ್ 8000 ಅಥವಾ 37777, ಪ್ರೊಟೊಕಾಲ್ ಟಿಸಿಪಿ. ಸೋರ್ಸ್ ಐಪಿ ಅಥವಾ ರಿಮೋಟ್ ಹೋಸ್ಟ್ ಅನ್ನುವ ಖಾಲಿ ಜಾಗ ಇದ್ದರೆ ಅದೇ ಈ ಪುಟದ ಚಿನ್ನ: ಆ ಸಂಸ್ಥೆಯ ಸ್ಥಿರ ಐಪಿಯನ್ನು ಅಲ್ಲಿ ಹಾಕಿದರೆ ಬೇರೆ ಯಾರು ಬಡಿದರೂ ಬಾಗಿಲು ತೆರೆಯಲ್ಲ. ಆ ಜಾಗವನ್ನು ತುಂಬಲು ಆಗದಿದ್ದರೆ ಈ ದಾರಿ ಬೇಡ ಅಂತಲೇ ನಾನು ಹೇಳುವುದು.

80 ಮತ್ತು 554 ಅನ್ನು ಹೊರಗೆ ತೆರೆಯಬೇಡಿ. 80ರ ಲಾಗಿನ್ ಪುಟ ಎನ್‌ಕ್ರಿಪ್ಷನ್ ಇಲ್ಲದೆ ಹೋಗುತ್ತದೆ, 554ರ ಆರ್‌ಟಿಎಸ್‌ಪಿ ವಿಡಿಯೋ ಕೂಡ ಸಾಮಾನ್ಯವಾಗಿ ಹಾಗೇ. ಹೊರಗಿನ ಪೋರ್ಟ್ ನಂಬರ್ ಬದಲಿಸಿದ್ದೇನೆ, ಇನ್ನು ಯಾರಿಗೂ ಸಿಗಲ್ಲ ಅಂದುಕೊಳ್ಳುವುದೂ ಬೇಡ. ಒಟ್ಟು ಇರುವುದೇ 65535 ಪೋರ್ಟು, ಶೋಡಾನ್‌ನಂಥ ಹುಡುಕುಯಂತ್ರಗಳು ಇಡೀ ಇಂಟರ್‌ನೆಟ್ ಅನ್ನು ಸುತ್ತುತ್ತಾ ಇಂಥ ಉಪಕರಣಗಳನ್ನು ಪಟ್ಟಿ ಮಾಡುತ್ತಲೇ ಇರುತ್ತವೆ. ನಂಬರ್ ಬದಲಿಸಿದರೆ ಕಾಟ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಡಿಎಂಝೆಡ್ ಅನ್ನುವ ಬಟನ್ ಕೂಡ ಅದೇ ಮೆನುವಿನಲ್ಲಿ ಇರುತ್ತದೆ. ಡಿವಿಆರ್‌ನ ಐಪಿ ಅಲ್ಲಿ ಹಾಕಿದರೆ ತಕ್ಷಣ ಕೆಲಸ ಆಗುತ್ತದೆ ಅಂತ ಯಾರಾದರೂ ಹೇಳಿದರೆ, ಹೌದು, ಆಗುತ್ತದೆ. ಎಲ್ಲಾ ಪೋರ್ಟುಗಳೂ ಒಟ್ಟಿಗೆ ಹೊರಗೆ ತೆರೆದುಕೊಳ್ಳುತ್ತವೆ ಅಲ್ವಾ, ಆಗದೇ ಏನು!

ಮುಚ್ಚಬೇಕಾದ ಬಾಗಿಲುಗಳು

ಯುಪಿಎನ್‌ಪಿ ಅನ್ನು ರೂಟರ್‌ನಲ್ಲೂ ಡಿವಿಆರ್‌ನಲ್ಲೂ ಆಫ್ ಮಾಡಿ. ಇದು ಆನ್ ಇದ್ದರೆ ಡಿವಿಆರ್ ನಿಮ್ಮನ್ನು ಕೇಳದೆಯೇ ರೂಟರ್‌ಗೆ ಹೇಳಿ ತನ್ನ ಪೋರ್ಟುಗಳನ್ನು ತೆರೆಸಿಕೊಳ್ಳಬಹುದು. ಆಫ್ ಮಾಡುವ ಮೊದಲು ಯುಪಿಎನ್‌ಪಿ ಪಟ್ಟಿ ಒಮ್ಮೆ ನೋಡಿ, ಅಲ್ಲಿ 192.168.57.50 ಕಂಡರೆ ಇಷ್ಟು ದಿನ ಬಾಗಿಲು ತೆರೆದೇ ಇತ್ತು ಅಂತ ಅರ್ಥ. ಆಟದ ಕನ್ಸೋಲ್ ಇರುವ ಮನೆಯಲ್ಲಿ ಇದನ್ನು ಆಫ್ ಮಾಡಿದರೆ ಮಕ್ಕಳು ಗೊಣಗಬಹುದು, ಆಗ ಕನ್ಸೋಲ್‌ಗೆ ಬೇಕಾದ ಪೋರ್ಟ್ ಮಾತ್ರ ಕೈಯಾರೆ ಕೊಡಿ. ರೂಟರ್‌ನ ರಿಮೋಟ್ ಮ್ಯಾನೇಜ್‌ಮೆಂಟ್ ಕೂಡ ಆಫ್ ಇರಲಿ. ಐಪಿವಿ6 ಇದ್ದರೆ ಅದರ ಫೈರ್‌ವಾಲ್ ಆನ್ ಇದೆಯಾ ನೋಡಿ, ಯಾಕಂದ್ರೆ ಅಲ್ಲಿ ಡಿವಿಆರ್‌ಗೇ ಹೊರಗೆ ಕಾಣುವ ಸ್ವಂತ ವಿಳಾಸ ಸಿಕ್ಕಿರಬಹುದು, ಅದನ್ನು ಕಾಯುವುದು ಆ ಫೈರ್‌ವಾಲ್ ಒಂದೇ.

ಪರೀಕ್ಷೆ, ಮತ್ತು ಕಾಣದಿದ್ದರೆ

ಯಾವತ್ತೂ ಮನೆಯ ವೈಫೈನಲ್ಲಿ ಕೂತು ಹೊರಗಿನ ವಿಳಾಸವನ್ನು ಪರೀಕ್ಷಿಸಬೇಡಿ. ಒಳಗಿನಿಂದ ಹೊರಟು ತನ್ನದೇ ಹೊರಗಿನ ವಿಳಾಸಕ್ಕೆ ಸುತ್ತಿಬರುವುದನ್ನು ಕೆಲವು ರೂಟರ್‌ಗಳು ಮಾಡುತ್ತವೆ, ಕೆಲವು ಮಾಡಲ್ಲ. ಹಾಗಾಗಿ ಸರಿ ಇರುವುದೂ ಕೆಟ್ಟಂತೆ ಕಾಣಬಹುದು. ಮೊಬೈಲ್ ಡೇಟಾದಲ್ಲೇ ನೋಡಿ.

ಸಂಪರ್ಕ ಸಿಕ್ಕಿ ಚಿತ್ರ ಮಾತ್ರ ತಡವರಿಸಿದರೆ ಮನೆಯ ಅಪ್‌ಲೋಡ್ ವೇಗ ನೋಡಿ. ಡೌನ್‌ಲೋಡ್ ಎಷ್ಟಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ, ಚಿತ್ರ ಮನೆಯಿಂದ ಹೊರಗೆ ಹೋಗಬೇಕಲ್ಲ. 1080ಪಿ ಮೇನ್ ಸ್ಟ್ರೀಮ್, ಅಂದರೆ ಪೂರ್ಣ ಗುಣಮಟ್ಟದ ಚಿತ್ರ, ಎಚ್.264 ಅನ್ನುವ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ ಸುಮಾರು 4 ಎಂಬಿಪಿಎಸ್ ತಿನ್ನುತ್ತದೆ. ಎಂಟು ಕ್ಯಾಮೆರಾ ಒಟ್ಟಿಗೆ ತೆರೆದರೆ 32. ಅದಕ್ಕೇ ಸಬ್ ಸ್ಟ್ರೀಮ್ ಅಂತ, ಅದೇ ಚಿತ್ರದ ಹಗುರ ರೂಪ, ಇರುವುದು. ಅದನ್ನು 512 ಕೆಬಿಪಿಎಸ್ ಸುತ್ತಮುತ್ತ ಇಟ್ಟು, ಆ್ಯಪ್‌ನಲ್ಲಿ ಎಲ್ಲಾ ಕ್ಯಾಮೆರಾ ಒಟ್ಟಿಗೆ ನೋಡುವಾಗ ಸಬ್ ಸ್ಟ್ರೀಮ್, ಒಂದನ್ನೇ ದೊಡ್ಡದಾಗಿ ನೋಡುವಾಗ ಮೇನ್ ಸ್ಟ್ರೀಮ್ ಆರಿಸಿ. ಕ್ಯಾಮೆರಾ ಎಚ್.265 ಕೊಡುವುದಾದರೆ ಇನ್ನೂ ಉಳಿತಾಯ.

ಹೊರಗಿನಿಂದ ಮುಖ ನೋಡುವ ಆಸೆಗೆ ಸಬ್ ಸ್ಟ್ರೀಮ್‌ನ ಬಿಟ್‌ರೇಟ್ ಜಾಸ್ತಿ ಮಾಡುತ್ತಾ ಹೋಗುವವರಿದ್ದಾರೆ. ಅಗತ್ಯ ಇಲ್ಲ, ರೆಕಾರ್ಡ್ ಆಗುತ್ತಿರುವುದು ಹೇಗೂ ಮೇನ್ ಸ್ಟ್ರೀಮ್.

ಕರೆಂಟ್ ಹೋದರೆ ಏನು ಅಂತಲೂ ಈಗಲೇ ನೋಡಿಕೊಳ್ಳಿ. ಡಿವಿಆರ್‌ಗೆ ಯುಪಿಎಸ್ ಇದೆ, ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ಇಲ್ಲ ಅಂದರೆ ರೆಕಾರ್ಡಿಂಗ್ ನಡೆಯುತ್ತಿದ್ದರೂ ನಿಮಗೆ ಏನೂ ಕಾಣಲ್ಲ. ಮೂರನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿ. ಎಲ್ಲಾ ಸೆಟ್ಟಿಂಗ್ ಮುಗಿದ ಮೇಲೆ ರೂಟರ್‌ನ ಬ್ಯಾಕಪ್ ಫೈಲ್ ಇಳಿಸಿ ಇಟ್ಟುಕೊಳ್ಳಿ, ಮತ್ತೆ ಒಮ್ಮೆ ಬೇಕಂತಲೇ ಎಲ್ಲಾ ಆಫ್ ಮಾಡಿ ಆನ್ ಮಾಡಿ, ಮೊಬೈಲ್ ಡೇಟಾದಲ್ಲಿ ಚಿತ್ರ ತಾನಾಗಿ ವಾಪಸ್ ಬಂತಾ ನೋಡಿ. ಫೋನ್ ಕಳೆದುಹೋದರೆ ರೂಟರ್‌ಗೆ ಲಾಗಿನ್ ಆಗಿ ಆ ಫೋನಿನ ಪಿಯರ್ ಒಂದನ್ನು ಅಳಿಸಿ, ಡಿವಿಆರ್‌ನಲ್ಲಿ ನೋಡುವವನ ಪಾಸ್‌ವರ್ಡ್ ಬದಲಿಸಿ. ಮನೆಯ ಉಳಿದವರ ಪಿಯರ್ ಮುಟ್ಟಬೇಕಿಲ್ಲ, ಅವರು ಆ್ಯಪ್‌ನಲ್ಲಿ ಹೊಸ ಪಾಸ್‌ವರ್ಡ್ ಹಾಕಿಕೊಂಡರೆ ಸಾಕು.